ಸೇಡಿಗಿಂತ ಜಾಸ್ತಿ ಕಾಡಿದ್ದು

ನಿನ್ನೆ ರಾತ್ರಿ ‘ದಿ ಗ್ಲೋರಿ’ ನೋಡಿ ಮುಗಿಸಿದೆ. 2022ರ ಕೊನೆಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಕೊರಿಯನ್ ಸೀರೀಸ್, ಒಟ್ಟು 16 ಎಪಿಸೋಡ್. ಹೈಸ್ಕೂಲಲ್ಲಿ ಒಂದು ಗುಂಪು ಬಡ ಹುಡುಗಿಯ ಮೈಯನ್ನು ಕೂದಲು ಸುರುಳಿ ಮಾಡುವ ಬಿಸಿ ಕಡ್ಡಿಯಿಂದ ಸುಡುತ್ತದೆ. ಅವಳು ದೊಡ್ಡವಳಾಗಿ, ಟೀಚರ್ ಆಗಿ, ಆ ಗುಂಪಿನ ನಾಯಕಿಯ ಮಗಳ ಕ್ಲಾಸಿಗೇ ಬರುತ್ತಾಳೆ.

ಎಲ್ಲರೂ ಸೇಡಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಅದರಲ್ಲಿರುವ ದೊಡ್ಡವರು. ಶಾಲೆ ಬಿಡಲು ಕಾರಣ ಏನು ಅಂದಾಗ ಅವಳು ಹಿಂಸೆ ಕೊಟ್ಟವರ ಹೆಸರು ಬರೆಯುತ್ತಾಳೆ. ಮೇಷ್ಟ್ರು ಅವಳಿಗೇ ಹೊಡೆಯುತ್ತಾನೆ. ಹೆತ್ತ ತಾಯಿ ದುಡ್ಡು ತಗೊಂಡು ಸಹಿ ಹಾಕುತ್ತಾಳೆ. ಹೊಟ್ಟೆ ಉರಿಯುತ್ತೆ ಅಲ್ವಾ?

ಇದೆಲ್ಲಾ ಎಲ್ಲೋ ದೂರದ ಕಥೆ ಅಂತ ಸುಮ್ನೆ ಇರೋಕೆ ಆಗಲ್ಲ. ಮೊನ್ನೆ ಸಂಜೆ ತುಮಕೂರಿಂದ ಗುಬ್ಬಿಗೆ ಹೋಗುವ ಬಸ್ಸಲ್ಲಿ ಒಬ್ಬ ಹುಡುಗ ತನ್ನದರ ಜೊತೆ ಇನ್ನೂ ಮೂವರ ಬ್ಯಾಗ್ ಹೊತ್ತು ನಿಂತಿದ್ದ. ಶರ್ಟಿನ ಭುಜದ ಹೊಲಿಗೆ ಬಿಟ್ಟಿತ್ತು. ಹಿಂದಿನಿಂದ ತಲೆಗೆ ಮೊಟಕಿದಾಗಲೆಲ್ಲ ಅವನೂ ನಗುತ್ತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. ಪಕ್ಕದವರು ‘ಹುಡುಗ್ರು, ಆಡ್ಕೊಳ್ತಾರೆ ಬಿಡಿ’ ಅಂದರು. ನಾನು ಬಿಡಲಿಲ್ಲ. ಅವರವರ ಬ್ಯಾಗ್ ಅವರವರಿಗೆ ಕೊಡಿಸಿ, ಅವನನ್ನು ನನ್ನ ಸೀಟಲ್ಲಿ ಕೂರಿಸಿದೆ. ಆದರೆ ಮರುದಿನ ಆ ಬಸ್ಸಲ್ಲಿ ನಾನಿರಲ್ಲವಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಅನ್ನುತ್ತದೆ. ಮಕ್ಕಳ ಸಹಾಯವಾಣಿ 1098, ಫೋನ್ ಮಾಡೋಕೆ ದುಡ್ಡಿಲ್ಲ. ಮಕ್ಕಳ ಡೈರಿಯಲ್ಲಿ ಈ ನಂಬರ್ ಬರೆಸಿ. ಅಕ್ಕನ ಮಗನ ಸ್ಕೂಲಿನ ಮುಂದಿನ ಪೋಷಕರ ಸಭೆಗೆ ನಾನೂ ಹೋಗ್ತಿದ್ದೀನಿ. ಮಾರ್ಕ್ಸ್ ಮಾತು ಆಮೇಲೆ, ಮಗು ದೂರು ಕೊಟ್ಟರೆ ಕೇಳೋರು ಯಾರು ಅನ್ನೋದನ್ನ ಮೊದಲು ಕೇಳ್ತೀನಿ.