ಟಿಬಿಲಿಸಿ ಅಜ್ಜಿಯ ಸಿಟ್ಟು

16 ನವೆಂಬರ್ 2025, ಭಾನುವಾರ

ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿರುವ ಚಿನ್ನು, ನನ್ನ ಅಕ್ಕನ ಮಗಳು, ಮಧ್ಯಾಹ್ನ ಫೋನ್ ಮಾಡಿದ್ದಳು. ಅವಳು ಹೇಳಿದ ಒಂದು ಸಂಗತಿ ಇನ್ನೂ ತಲೆ ಕೊರೆಯುತ್ತಿದೆ.

ಅವಳು ಬಾಡಿಗೆಗಿರುವ ಮನೆಯ ಅಜ್ಜಿ ಅಡುಗೆಮನೆಗೆ ಬಂದರಂತೆ. ಇವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಘಾಟಿಗೆ ಅಜ್ಜಿ ಕೆಮ್ಮಿದರು. ಚಿನ್ನು ನಗುತ್ತಾ, "ನೀವೂ ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲ ಜಾಸ್ತಿನೇ ಹಾಕ್ತೀರಲ್ಲ. ನಾವೆಲ್ಲ ಏಷ್ಯಾದವರೇ ತಾನೇ" ಅಂದುಬಿಟ್ಟಿದ್ದಾಳೆ. ಅಜ್ಜಿಯ ಮುಖ ಬಿಗಿಯಾಯಿತಂತೆ. "ನಾವು ಏಷ್ಯಾ ಅಲ್ಲ. ಯುರೋಪ್" ಅಂತ ಎರಡು ಸಲ ಹೇಳಿ ಹೊರಟುಹೋದರಂತೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಒಂದು ಬಟ್ಟಲು ಅಕ್ರೋಟು ಇಟ್ಟು, ಏನೂ ಮಾತಾಡದೆ ಹೋದರಂತೆ.

"ಚಿಕ್ಕಮ್ಮ, ನೀನು ಸಮಾಜ ಪಾಠ ಮಾಡೋಳು. ಹೇಳು, ಯಾರದ್ದು ಸರಿ?"

ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಉರಲ್ ಪರ್ವತ, ಉರಲ್ ನದಿ, ಅಲ್ಲಿಂದ ಕ್ಯಾಸ್ಪಿಯನ್ ಸಮುದ್ರ. ಅಲ್ಲಿವರೆಗೆ ಯುರೋಪು ಏಷ್ಯಾ ಗೆರೆಗೆ ಹೆಚ್ಚು ತಕರಾರಿಲ್ಲ. ಕ್ಯಾಸ್ಪಿಯನ್‌ನಿಂದ ಕಪ್ಪು ಸಮುದ್ರಕ್ಕೆ ಗೆರೆ ಹೇಗೆ ಹೋಗಬೇಕು ಅನ್ನುವಲ್ಲೇ ಜಗಳ. ಕೆಲವರು ಉತ್ತರದಲ್ಲಿ ಕುಮಾ ಮಾನಿಚ್ ತಗ್ಗಿನ ಮೇಲೆ ಎಳೆಯುತ್ತಾರೆ. ಆಗ ಜಾರ್ಜಿಯಾ ಸೇರಿ ಇಡೀ ಕಾಕಸಸ್ ಬೆಟ್ಟಸೀಮೆ ಏಷ್ಯಾ. 5,642 ಮೀಟರ್ ಎತ್ತರದ ಎಲ್ಬ್ರಸ್ ಶಿಖರ ಕೂಡ ಯುರೋಪಿನ ಕೈತಪ್ಪುತ್ತದೆ. ಕೆಲವರು ಕಾಕಸಸ್ ಬೆಟ್ಟದ ಏಣಿನ ಮೇಲೇ ಎಳೆಯುತ್ತಾರೆ. ಆಗ ಎಲ್ಬ್ರಸ್ ಯುರೋಪು, ಜಾರ್ಜಿಯಾದ ಬಹುಪಾಲು ಏಷ್ಯಾ. ಇನ್ನೂ ಕೆಳಗೆ, ಟರ್ಕಿಯ ಗಡಿಯವರೆಗೆ ಗೆರೆ ಇಳಿಸಿದರೆ ಮಾತ್ರ ಅಜ್ಜಿ ಹೇಳಿದ್ದು ಸರಿಯಾಗುತ್ತದೆ.

ಚಿನ್ನುಗೆ ಬಿಸಿಲೆ ಘಾಟಿ ನೆನಪು ಮಾಡಿದೆ. ಏಣಿನ ಮೇಲೆ ಆ ಕಲ್ಲಿದೆಯಲ್ಲ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಅಂತ ಬರೆದಿರೋದು. ಚಿಕ್ಕವಳಿದ್ದಾಗ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತಿದ್ದಳು. ಈ ಕಡೆ ಬಿದ್ದ ಮಳೆ ಹೇಮಾವತಿಗೆ, ಆ ಕಡೆಯದು ಕುಮಾರಧಾರೆಗೆ. ನೀರು ಒಡೆಯುತ್ತದೆ, ಸರಿ. ಅದಕ್ಕೇ ಸುಬ್ರಹ್ಮಣ್ಯದವರಿಗೂ ಸಕಲೇಶಪುರದವರಿಗೂ ನೆಂಟಸ್ತಿಕೆ ನಿಂತಿದೆಯಾ?

ಮುಂದಿನ ವಾರ ಚಿನ್ನುವಿನ ಗುಂಪು ಕಜ್ಬೇಗಿ ಅನ್ನುವ ಬೆಟ್ಟದೂರಿಗೆ ಹೋಗುತ್ತದಂತೆ. ಊರಿನ ಹೆಸರು ಈಗ ಸ್ಟೆಪಾಂಟ್ಸ್‌ಮಿಂಡಾ, ಆದರೆ ಎಲ್ಲರೂ ಹಳೇ ಹೆಸರೇ ಹೇಳುತ್ತಾರೆ. ದಾರಿಯಲ್ಲಿ ಕಾಕಸಸ್ ಏಣು ದಾಟುವ ಜ್ವಾರಿ ಕಣಿವೆದಾರಿ ಸಿಗುತ್ತದೆ, ಸುಮಾರು 2,400 ಮೀಟರ್ ಎತ್ತರ. ನನಗೆ ಮೈ ಜುಮ್ಮೆಂದಿದ್ದು ಈ ಜಾಗದ ವಿಷಯಕ್ಕೆ. ಏಣನ್ನೇ ಗಡಿ ಅಂತ ಒಪ್ಪಿದರೆ ಜ್ವಾರಿ ದಾಟಿದ ಕೂಡಲೇ ಏಷ್ಯಾ ಮುಗಿದು ಯುರೋಪು ಶುರು. ಟಿಬಿಲಿಸಿಯ ನಡುವೆ ಹರಿಯುವ ಕುರಾ ನದಿ ಪೂರ್ವಕ್ಕೆ ಅಜರ್‌ಬೈಜಾನ್ ಕಡೆ ಹೋಗುತ್ತದೆ. ಜ್ವಾರಿ ದಾಟಿದ ಮೇಲೆ ಸಿಗುವ ತೆರೆಕ್ ನದಿ ಉತ್ತರಕ್ಕೆ, ರಷ್ಯಾಕ್ಕೆ. ಕಜ್ಬೇಗಿಯಿಂದ ರಷ್ಯಾದ ಗಡಿ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು ಅಷ್ಟೇ. ಅಂದರೆ, ನಕಾಶೆ ನಂಬಿಕೊಂಡು ಯುರೋಪು ಹುಡುಕುತ್ತಾ ಹೋದ ಜಾರ್ಜಿಯಾದವರು ಹೋಗಿ ತಲುಪುವುದು ರಷ್ಯಾದ ಬಾಗಿಲಿಗೆ! ಅವರಿಗೆ ಬೇಕಾದ ಯುರೋಪು ಇರುವುದು ಪಶ್ಚಿಮಕ್ಕೆ, ಕಪ್ಪು ಸಮುದ್ರದ ಆಚೆ ದಡದಲ್ಲಿ. ರೊಮೇನಿಯಾ, ಬಲ್ಗೇರಿಯಾ ಇರುವ ಕಡೆ. ಯುರೋಪಿಯನ್ ಒಕ್ಕೂಟದ ಒಂದೇ ಒಂದು ದೇಶಕ್ಕೂ ಇವರ ನೆಲ ತಾಗಿಲ್ಲ.

ಇದು ಹೊಳೆದ ಮೇಲೆ ಅಜ್ಜಿಯ ಸಿಟ್ಟು ಅರ್ಥವಾಗತೊಡಗಿತು. ಅವರ ಊರನ್ನು 1795ರಲ್ಲಿ ಪರ್ಷಿಯಾದ ಸೇನೆ ಸುಟ್ಟಿತು. 1801ರಲ್ಲಿ ರಷ್ಯಾ ನುಂಗಿತು. 1918ರಲ್ಲಿ ಸ್ವತಂತ್ರರಾದರೆ 1921ಕ್ಕೇ ಸೋವಿಯತ್ ರಷ್ಯಾದ ಕೆಂಪು ಸೇನೆ ಬಂತು. ಮತ್ತೆ ಬಿಡುಗಡೆ ಸಿಕ್ಕಿದ್ದು 1991ರಲ್ಲಿ. 2008ರ ಆಗಸ್ಟಿನಲ್ಲಿ ರಷ್ಯಾದ ಜೊತೆ ಮತ್ತೆ ಯುದ್ಧ. ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ ಸೇರಿ ದೇಶದ ಐದರಲ್ಲೊಂದು ಪಾಲು ಇವತ್ತಿಗೂ ಜಾರ್ಜಿಯಾದ ಕೈಯಲ್ಲಿಲ್ಲ. ಸಂಸತ್ತಿನ ಸಭಾಧ್ಯಕ್ಷರಾಗಿದ್ದ ಜುರಾಬ್ ಜ್ವಾನಿಯಾ 1999ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪ್ ಪರಿಷತ್ತಿನ ಎದುರು ನಿಂತು, ನಾನು ಜಾರ್ಜಿಯಾದವನು, ಹಾಗಾಗಿ ಯುರೋಪಿನವನು ಅಂತ ಹೇಳಿದ್ದು ಸುಮ್ನೆ ಅಲ್ಲ. ಅಜ್ಜಿ ಒಲೆ ಮುಂದೆ ನಿಂತು ಹೇಳಿದ್ದೂ ಅದನ್ನೇ.

ವಿಶ್ವಸಂಸ್ಥೆಯ ಅಂಕಿಅಂಶದವರು ಜಾರ್ಜಿಯಾದವರನ್ನು ಪಶ್ಚಿಮ ಏಷ್ಯಾಕ್ಕೆ ಸೇರಿಸಿದ್ದಾರೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನಲ್ಲೂ ಅವರು ಸದಸ್ಯರು. ಫುಟ್‌ಬಾಲ್ ಮಾತ್ರ ಯುರೋಪಿನ ಜೊತೆ. 2024ರ ಜೂನ್‌ನಲ್ಲಿ ಯುರೋ ಕಪ್ಪಿನಲ್ಲಿ ಪೋರ್ಚುಗಲ್ಲನ್ನು 2-0 ಸೋಲಿಸಿದ್ದರು. ಆ ರಾತ್ರಿ ಅಜ್ಜಿಯೂ ಬೀದಿಗೆ ಬಂದು ಕುಣಿದಿದ್ದರು ಅಂತ ಚಿನ್ನು ಹೇಳಿದ್ದಳು. 2023ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದವರು ಅಭ್ಯರ್ಥಿ ದೇಶ ಅಂತ ಒಪ್ಪಿಕೊಂಡಿದ್ದರು. ಒಂದು ವರ್ಷ ತುಂಬುವುದರೊಳಗೆ, 2024ರ ನವೆಂಬರ್ 28ಕ್ಕೆ, ಅವರದೇ ಸರ್ಕಾರ 2028ರ ಕೊನೆವರೆಗೆ ಸೇರ್ಪಡೆ ಮಾತುಕತೆ ಬೇಡ ಅಂತು. ಅವತ್ತೇ ಜನ ರುಸ್ತಾವೇಲಿ ರಸ್ತೆಯಲ್ಲಿ, ಸಂಸತ್ತಿನ ಎದುರು ಸೇರಿದರು. ನೀರಿನ ಫಿರಂಗಿ, ಅಶ್ರುವಾಯು ಎಲ್ಲ ಆಯಿತು. ಆ ದಿನಗಳಲ್ಲಿ ಅಕ್ಕ ನಿದ್ದೆ ಮಾಡಿರಲಿಲ್ಲ.

ಆದರೆ ನನಗೆ ಒಂದು ನೋವು ಇದೆ, ಹೇಳಿಬಿಡುತ್ತೇನೆ. ಯುರೋಪು ಬೇಕು ಅನ್ನುವುದಕ್ಕೆ ಏಷ್ಯಾ ಅನ್ನಿಸಿಕೊಳ್ಳುವುದು ಅವಮಾನ ಆಗಬೇಕಾ? ಹಳೇ ಟಿಬಿಲಿಸಿಯ ಫೋಟೋ ಚಿನ್ನು ಕಳಿಸಿದ್ದಳು. ಅಬನೊತುಬಾನಿಯ ಗಂಧಕದ ಸ್ನಾನದ ಮನೆಗಳು, ನೆಲದಿಂದ ಎದ್ದ ಇಟ್ಟಿಗೆ ಗುಮ್ಮಟಗಳು, ಒಂದು ಕಟ್ಟಡದ ಮುಂಭಾಗಕ್ಕೆ ಪೂರ್ತಿ ನೀಲಿ ಹಂಚಿನ ಕೆಲಸ. ಕೆತ್ತನೆಯ ಮರದ ಬಾಲ್ಕನಿಗಳು. ಅಲ್ಲೇ ನಡೆದುಹೋಗುವಷ್ಟು ದೂರದಲ್ಲಿ ಅರ್ಮೇನಿಯನ್ನರ ಚರ್ಚು, ಮಸೀದಿ, ಯಹೂದಿಗಳ ಸಿನಗಾಗ್. ಇದನ್ನೆಲ್ಲ ಒಂದು ಖಂಡದ ಹೆಸರಿಗೆ ಬರೆದುಕೊಡಲು ಆಗುತ್ತದಾ?

ಇದನ್ನೇ ಹೇಳಿದಾಗ ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ರೂ ಕೆಲವರು ಕೂರಲ್ಲ ಚಿಕ್ಕಮ್ಮ. ಅಜ್ಜಿ ಏಷ್ಯಾ ಅಲ್ಲ ಅಂದಾಗ ಅದೇ ನೆನಪಾಯ್ತು."

ಇದನ್ನು ಮೊದಲೇ ಹೇಳಬಾರದಾ ಈ ಹುಡುಗಿ! ನಾನು ಇಲ್ಲಿ ಕೂತು ಕುಮಾ ಮಾನಿಚ್ ಅಂತ ಪಾಠ ಮಾಡುತ್ತಿದ್ದೆ. ಅಮ್ಮನಿಗೆ ಹೇಳಬೇಡ ಅಂತ ಬೇರೆ ಅಂದಿದ್ದಾಳೆ. ಹೇಳುವುದಿಲ್ಲ. ಅಕ್ಕ ಈ ಬ್ಲಾಗ್ ಓದುವುದಿಲ್ಲ.

ಅಜ್ಜಿಗೆ ಏನಾದರೂ ಕಳಿಸಬೇಕು ಅನ್ನಿಸಿದೆ. ಡಿಸೆಂಬರಿನಲ್ಲಿ ಇಲ್ಲಿಂದ ಹೋಗುವ ಹುಡುಗರ ಕೈಯಲ್ಲಿ ಏಲಕ್ಕಿ, ನಮ್ಮ ತೋಟದ ಕಾಳುಮೆಣಸು. ಚಿನ್ನುಗೆ ಹೇಳಿದ್ದೇನೆ, ಖಂಡದ ವಿಷಯ ಬಿಡು, ಅಜ್ಜಿಯನ್ನು ಕೂರಿಸಿಕೊಂಡು 91ರಲ್ಲಿ, 2008ರಲ್ಲಿ ಅವರ ಮನೆಯಲ್ಲಿ ಏನಾಗುತ್ತಿತ್ತು ಅಂತ ಕೇಳು. ಆಮೇಲೆ ಬಸ್ಸಿನ ಸೀಟಿನ ವಿಷಯ ನೀನು ಅವರಿಗೆ ಹೇಳು. ಅವರಿಗೆ ಗೊತ್ತಾಗಲಿ. ಹೇಳಿದರೆ ಅವರು ಏನನ್ನಬಹುದು, ಬೇಜಾರು ಮಾಡಿಕೊಳ್ಳುತ್ತಾರಾ, ಇಲ್ಲ ಇವಳ ಜೊತೆ ತಾವೇ ಬಸ್ ಹತ್ತಿ ಪಕ್ಕದಲ್ಲಿ ಕೂರುತ್ತಾರಾ, ನೋಡಬೇಕು.