ಲಂಗ್ ಸ್ಕ್ಯಾನ್‌ಗೆ ಬರೆದುಕೊಟ್ಟಿದ್ದಾರಾ? ಒಳಗೆ ಏನ್ ನಡೆಯತ್ತೆ ಹೇಳ್ತೀನಿ

ನ್ಯೂಕ್ಲಿಯರ್ ಅಂತ ಚೀಟೀಲಿ ಬರೆದಿದ್ದು ನೋಡಿದ್ದೇ ತಡ, ನಮ್ಮನೇಲಿ ಅರ್ಧ ಜನ ಬೇಡವೇ ಬೇಡ ಅಂದ್ರು. ದೊಡ್ಡಮ್ಮಂಗೆ ಮಂಡಿ ಆಪರೇಷನ್ ಆದ್ಮೇಲೆ ಒಂದು ಕಾಲು ಊದ್ಕೊಂಡು, ಆಮೇಲೆ ಬಚ್ಚಲಿಗೆ ಹೋಗ್ಬಂದ್ರೂ ಏದುಸಿರು ಬರೋಕೆ ಶುರುವಾಗಿತ್ತು, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿರಬಹುದು ಅಂತ ಹಾಸನದ ಡಾಕ್ಟರಿಗೆ ಅನುಮಾನ. ಸಾಮಾನ್ಯವಾಗಿ ಇದಕ್ಕೆ ಕಾಂಟ್ರಾಸ್ಟ್ ಅನ್ನೋ ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡ್ತಾರೆ, ಆದ್ರೆ ದೊಡ್ಡಮ್ಮಂಗೆ ಶುಗರ್‌ನಿಂದ ಕಿಡ್ನಿ ವೀಕು, ಕ್ರಿಯಾಟಿನಿನ್ ಜಾಸ್ತಿ, ಆ ಅಯೋಡಿನ್ ಡೈ ಬೇಡ ಅಂತ ಹೇಳಿ ರಕ್ತ ತೆಳು ಮಾಡೋ ಇಂಜೆಕ್ಷನ್ ಶುರು ಮಾಡಿ ಬೆಂಗಳೂರಿಗೆ ವಿ/ಕ್ಯೂ ಅನ್ನೋ, ಶ್ವಾಸಕೋಶದಲ್ಲಿ ಗಾಳಿ ರಕ್ತ ಎಲ್ಲೆಲ್ಲಿ ಹೋಗ್ತಿದೆ ಅಂತ ನೋಡೋ ನ್ಯೂಕ್ಲಿಯರ್ ಸ್ಕ್ಯಾನ್‌ಗೆ ಬರೆದುಕೊಟ್ರು. ಚನ್ನರಾಯಪಟ್ಟಣ ದಾಟೋಷ್ಟರಲ್ಲಿ ಬೇಲೂರಿನ ಅತ್ತೆ ಫೋನು, "ಮೈಗೆಲ್ಲ ಕರೆಂಟ್ ಬಿಡ್ತಾರಂತಲ್ಲೋ, ಯಾಕ್ ಬೇಕಿತ್ತು" ಅಂತ. ಕರೆಂಟೂ ಇಲ್ಲ ಎಂಥದೂ ಇಲ್ಲ.

ಉಪವಾಸ ಇರ್ಬೇಕಿಲ್ಲ, ತಿಂಡಿ ತಿಂದೇ ಹೋಗಬಹುದು, ಮಾತ್ರೆಗಳನ್ನ ಡಾಕ್ಟರ್ ಬೇಡ ಅನ್ನದೇ ಇದ್ರೆ ನಿಲ್ಲಿಸ್ಬೇಡಿ. ಹೊಸ ಎದೆ ಎಕ್ಸ್‌ರೇ ಮಾತ್ರ ಕೇಳೇ ಕೇಳ್ತಾರೆ, ಯಾಕಂದ್ರೆ ನ್ಯುಮೋನಿಯಾ ಇದ್ರೂ ಸ್ಕ್ಯಾನಲ್ಲಿ ಆ ಜಾಗ ಖಾಲಿ ಕಾಣಬಹುದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಬಸುರಿ ಅಥವಾ ಎದೆಹಾಲು ಕುಡಿಸ್ತಿರೋರು ಮುಂಚೆನೇ ಹೇಳ್ಬೇಕು.

ಸ್ಕ್ಯಾನ್‌ನಲ್ಲಿ ಎರಡು ಭಾಗ, ಗಾಳಿದೊಂದು ರಕ್ತದ್ದೊಂದು. ಮೊದ್ಲು ಮೂಗಿಗೆ ಕ್ಲಿಪ್ ಹಾಕಿ ಬಾಯಿಗೆ ಒಂದು ಪೈಪ್ ಕೊಟ್ರು, ಅದ್ರಿಂದ ಟೆಕ್ನೀಷಿಯಂ ಅನ್ನೋ, ಸ್ವಲ್ಪ ರೇಡಿಯೇಷನ್ ಬಿಡೋ ವಸ್ತು ಬೆರೆಸಿರೋ ಸಣ್ಣ ಹಬೆ ಎಳ್ಕೋಬೇಕು, ವಾಸನೆ ರುಚಿ ಏನೂ ಇಲ್ಲ, ಆದ್ರೆ ಮೊದಲೇ ದಮ್ಮು ಕಟ್ಟೋರಿಗೆ ಮೂಗು ಮುಚ್ಚಿದ್ರೆ ಗಾಬರಿ ಆಗತ್ತೆ. ಟೆಕ್ನಿಷಿಯನ್ ಹುಡುಗ ಪಾಪ "ಅಮ್ಮ, ನಿಧಾನಕ್ಕೆ, ಮಾಮೂಲಿ ಉಸಿರಾಡಿ ಸಾಕು" ಅಂತ ಹೇಳ್ತಾನೇ ಇದ್ದ. ಆಮೇಲೆ ಮಲಗಿಸಿ ಕೈ ನರಕ್ಕೆ ಇಂಜೆಕ್ಷನ್. ಸಿರಿಂಜ್ ಸುತ್ತ ದಪ್ಪ ಲೋಹದ ಕವಚ ಇರತ್ತೆ, ನೋಡಿ ಹೆದರ್ಬೇಡಿ, ದಿನವಿಡೀ ಅದನ್ನೇ ಹಿಡಿಯೋ ಅವ್ರ ಕೈ ಕಾಪಾಡೋಕೆ ಅದು. ಒಳಗೆ ಹೋಗೋದು ಅದೇ ಟೆಕ್ನೀಷಿಯಂ ಅಂಟಿಸಿರೋ ಅಲ್ಬುಮಿನ್ ಪ್ರೋಟೀನಿನ ಕಣಗಳು, ಲಕ್ಷಗಟ್ಟಲೆ, ಅವು ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳಲ್ಲಿ ಸ್ವಲ್ಪ ಹೊತ್ತು ಸಿಕ್ಕಾಕ್ಕೊಳತ್ವೆ, ಕೆಲವು ಗಂಟೆಲಿ ಕರಗಿ ಹೋಗತ್ವೆ. ರಕ್ತ ಹೋಗ್ತಿರೋ ಕಡೆ ಹೊಳೆಯತ್ತೆ, ಹೆಪ್ಪು ಅಡ್ಡ ಕೂತಿರೋ ಕಡೆ ಕಪ್ಪು.

ನಿಜವಾದ ಕಷ್ಟ ಬೇರೆನೇ. ಎರಡೂ ಕೈ ತಲೆ ಮೇಲಿಟ್ಟು ಅಲುಗಾಡದೆ ಮಲಗಬೇಕು, ಕ್ಯಾಮೆರಾ ಎದೆ ಹತ್ರಕ್ಕೆ ಬಂದು ಬೇರೆ ಬೇರೆ ಕೋನದಿಂದ ಫೋಟೋ ತೆಗೆಯತ್ತೆ, ಎಂಆರ್‌ಐ ಥರ ಗಡಗಡ ಸದ್ದಿಲ್ಲ, ಆದ್ರೆ ಹೊತ್ತು ಹಿಡಿಯತ್ತೆ. "ಭುಜ ಬಿದ್ದೋಗ್ತಿದೆ ಕಣಪ್ಪ" ಅಂತ ದೊಡ್ಡಮ್ಮ ಗೊಣಗಿದ್ಮೇಲೆ ಮೊಣಕೈ ಕೆಳಗೆ ದಿಂಬು ಕೊಟ್ರು. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಮೊದಲೇ ಕೇಳಿ ದಿಂಬು ಇಡಿಸ್ಕೊಳ್ಳಿ, ಮಧ್ಯದಲ್ಲಿ ಅಲುಗಾಡಿದ್ರೆ ಆ ಫೋಟೋ ಮತ್ತೆ ತೆಗೀಬೇಕಾಗತ್ತೆ.

ರೇಡಿಯೇಷನ್ ಬಗ್ಗೆ ಕೇಳೋರಿಗೆ: ಟೆಕ್ನೀಷಿಯಂ 99ಎಂ ಪ್ರತಿ 6 ಗಂಟೆಗೆ ಅರ್ಧ ಆಗತ್ತೆ, ಮಾರನೇ ದಿನಕ್ಕೆ ಲೆಕ್ಕಕ್ಕಿಲ್ಲ. ಒಟ್ಟು ಡೋಸ್ ಸುಮಾರು 2 ಮಿಲಿಸೀವರ್ಟ್ (ಮೈಗೆ ಬೀಳೋ ರೇಡಿಯೇಷನ್ನಿನ ಅಳತೆ ಅದು), ಮಣ್ಣು ಕಲ್ಲು ಗಾಳಿ ಆಕಾಶ ಊಟ ಎಲ್ಲದರಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಬರತ್ತೆ. ಮನೆಗೆ ಬಂದು ನೀರು ಚೆನ್ನಾಗಿ ಕುಡಿದು ಮೂತ್ರ ಮಾಡ್ತಾ ಇರಿ, ಇಷ್ಟೇ.

ರಿಪೋರ್ಟಲ್ಲಿ ಮಿಸ್‌ಮ್ಯಾಚ್ ಅಂತಿದ್ರೆ ಗಾಳಿ ಹೋಗ್ತಿದೆ ರಕ್ತ ಹೋಗ್ತಿಲ್ಲ ಅಂತ, ಹೆಪ್ಪಿನ ಗುರುತು ಅದು. ದೊಡ್ಡಮ್ಮಂದರಲ್ಲಿ ಬಲಗಡೆ ಕೆಳಭಾಗದಲ್ಲಿ ಹಾಗೇ ಇತ್ತು, ಮಾತ್ರೆ ನಡೀತಿದೆ. ರಕ್ತದ ಫೋಟೋ ಪೂರ್ತಿ ನಾರ್ಮಲ್ ಬಂದ್ರೆ ಹೆಪ್ಪಿನ ಅನುಮಾನ ಹೆಚ್ಚುಕಮ್ಮಿ ಬಿಟ್ಟೇಬಿಡಬಹುದು. ಅಂದಹಾಗೆ ಇದು ಸಮಯ ಇರೋರ ಪರೀಕ್ಷೆ, ಉಸಿರು ತೀರಾ ಕಟ್ಟಿ ತಲೆ ಸುತ್ತಿ ಬೀಳೋ ಹಾಗಿದ್ರೆ ಬೆಂಗಳೂರು ಅಂತ ಕಾರ್ ಹತ್ತಬೇಡಿ, ಹತ್ತಿರದ ಎಮರ್ಜೆನ್ಸಿಗೇ ಹೋಗಿ.