ಸ್ಟೆಮ್ ಸೆಲ್ ಲ್ಯಾಬಿನಲ್ಲಿ ತಾನಾಗಿಯೇ ಕ್ಯಾನ್ಸರ್ ಆಗುತ್ತಾ?

ನಾನು ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೆಲಸ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಅಮ್ಮನ ಮಂಡಿಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹಾಕಿಸೋಣ ಅಂತಿದ್ದೇವೆ, ಹೊರಗೆ ಬೆಳೆಸಿದ ಕೋಶ ಒಳಗೆ ಹೋಗಿ ಕ್ಯಾನ್ಸರ್ ಆಗಿಬಿಟ್ಟರೆ?

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಮನುಷ್ಯರ ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗಳನ್ನು ತಿಂಗಳುಗಟ್ಟಲೆ ಬೆಳೆಸಿದರೆ ಅವು ತಾವಾಗಿಯೇ ಕ್ಯಾನ್ಸರ್ ಆಗುತ್ತವೆ ಎಂದು 2005ರಲ್ಲಿ ಸ್ಪೇನ್‌ನ ತಂಡವೊಂದು ಬರೆಯಿತು. ಮೂಳೆ ಮಜ್ಜೆಯ ಕೋಶಗಳಲ್ಲೂ ಹಾಗೇ ಆಯಿತು ಎಂದು 2009ರಲ್ಲಿ ನಾರ್ವೆಯ ಬರ್ಗನ್‌ನ ತಂಡ ಹೇಳಿತು.

ಆಮೇಲೆ ಡಿಎನ್‌ಎ ಗುರುತು ಹೋಲಿಸಿ ನೋಡಿದರು. ಕ್ಯಾನ್ಸರ್ ಆದ ಕೋಶಗಳು ಆ ದಾನಿಗಳದ್ದೇ ಅಲ್ಲ! ಲ್ಯಾಬಿನಲ್ಲಿ ಮೊದಲೇ ಬೆಳೆಸುತ್ತಿದ್ದ ಬೇರೆ ಕ್ಯಾನ್ಸರ್ ಕೋಶಗಳು ಇವನ್ನು ಬೆಳೆಸುವ ಫ್ಲಾಸ್ಕಿಗೆ ಸೇರಿಕೊಂಡಿದ್ದವು. ಇದು ಎಷ್ಟು ಸುಲಭ ಅಂತ ಕೈಯಿಂದ ಕೆಲಸ ಮಾಡಿದವರಿಗೇ ಗೊತ್ತು. ಒಂದೇ ಬಾಟಲಿಯ ಮೀಡಿಯಾವನ್ನು, ಅಂದರೆ ಕೋಶ ಬೆಳೆಯಲು ಹಾಕುವ ಪೋಷಕ ದ್ರವವನ್ನು, ಎರಡು ಫ್ಲಾಸ್ಕಿಗೆ ಹಾಕಿದರೂ ಸಾಕು. ಮನುಷ್ಯರ ಈ ಸ್ಟೆಮ್ ಸೆಲ್‌ಗಳು ಕೆಲವು ವಾರ ಬೆಳೆದು, ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತವೆ. ಕ್ಯಾನ್ಸರ್ ಕೋಶ ಹೆಚ್ಚುಕಮ್ಮಿ ದಿನಕ್ಕೊಮ್ಮೆ ಎರಡಾಗುತ್ತದೆ. ಸುಸ್ತಾದ ಕೋಶಗಳ ನಡುವೆ ಒಂದು ದಿನ ಚುರುಕಾದ ಸಣ್ಣ ಕೋಶಗಳು ಕಂಡರೆ, ಇವೇ ಬದಲಾದವು ಅಂತ ಯಾರಿಗಾದರೂ ಅನಿಸುತ್ತದೆ. ಭತ್ತದ ಮಡಿಗೆ ಎಲ್ಲಿಂದಲೋ ಕಳೆ ಬೀಜ ಬಿದ್ದರೆ, ಭತ್ತವೇ ಕಳೆಯಾಯಿತು ಅನ್ನಲ್ಲ ಅಲ್ವಾ?

2010ರಲ್ಲಿ ಸ್ಪೇನ್‌ನ ತಂಡದ ಲೇಖನವನ್ನು ಹಿಂತೆಗೆದುಕೊಂಡರು. ಬರ್ಗನ್‌ನವರು ತಮ್ಮ ತಪ್ಪನ್ನು ತಾವೇ ಬರೆದು ಪ್ರಕಟಿಸಿದರು. ನನಗೆ ಅವರ ಮೇಲೆ ತುಂಬ ಗೌರವ. ವರ್ಷಗಳ ದುಡಿಮೆಯನ್ನು ತಪ್ಪು ಅಂತ ಎಲ್ಲರೆದುರು ಒಪ್ಪುವುದು ಸಣ್ಣ ಮಾತಲ್ಲ.

ಹಾಗಂತ ಪೂರ್ತಿ ನಿಶ್ಚಿಂತೆಯೂ ಬೇಡ. ಇಲಿಯ ಇಂಥದೇ ಕೋಶಗಳು ಲ್ಯಾಬಿನಲ್ಲಿ ನಿಜವಾಗಿಯೂ ಕ್ಯಾನ್ಸರ್ ಆಗುತ್ತವೆ. ಮನುಷ್ಯರ ಭ್ರೂಣದ ಸ್ಟೆಮ್ ಸೆಲ್ ಮತ್ತು ಐಪಿಎಸ್ ಕೋಶಗಳ (ಸಾಮಾನ್ಯ ಕೋಶವನ್ನು ಲ್ಯಾಬಿನಲ್ಲಿ ಮತ್ತೆ ಸ್ಟೆಮ್ ಸೆಲ್ ಆಗಿ ಬದಲಿಸಿದ್ದು) ವಿಷಯವೂ ಬೇರೆ. ಜಾಸ್ತಿ ದಿನ ಬೆಳೆಸಿದರೆ ಕೆಲವದರಲ್ಲಿ ಜೀನ್‌ಗಳನ್ನು ಹೊತ್ತ 20ನೇ ಕ್ರೋಮೋಸೋಮಿನ ಒಂದು ತುಂಡು ಹೆಚ್ಚಾಗುತ್ತದೆ. ಅಂಥ ಕೋಶ ಸುಲಭಕ್ಕೆ ಸಾಯುವುದಿಲ್ಲ, ಉಳಿದವನ್ನು ಹಿಂದೆ ಹಾಕಿ ಫ್ಲಾಸ್ಕ್ ತುಂಬಿಕೊಳ್ಳುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನ್ ಕೆಟ್ಟಿರುವ ಭ್ರೂಣ ಕೋಶಗಳೂ 2017ರಲ್ಲಿ ಸಿಕ್ಕವು. ಜಪಾನಿನಲ್ಲಿ 2014ರಲ್ಲಿ ಐಪಿಎಸ್ ಕೋಶದಿಂದ ಬೆಳೆಸಿದ ಪದರವನ್ನು ಮೊದಲ ರೋಗಿಯ ಕಣ್ಣಿಗೆ ಹಾಕಿದರು. ಎರಡನೆಯ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡದ್ದೇ, ಹಾಕದೆ ನಿಲ್ಲಿಸಿದರು.

ಅದಕ್ಕೇ ಮಂಡಿಯ ವಿಷಯ ಕೇಳುವವರಿಗೆ ನಾನು ಹೇಳುವುದಿಷ್ಟು. ಯಾವ ಬಗೆಯ ಕೋಶ, ಎಷ್ಟು ದಿನ ಬೆಳೆಸಿದ್ದು, ಡಿಎನ್‌ಎ ಗುರುತು ಮತ್ತು ಕ್ರೋಮೋಸೋಮ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ವರದಿಯನ್ನು ಕೈಗೆ ತಗೊಂಡು ನೋಡಿ.